ಚಾಚಿ ಓದಿದ ಕಾದಂಬರಿ

ಕಳೆದ ವಾರ ಸಿಂಧನೂರಿನ ಬಜಾರಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿಯೊಂದನ್ನು ದಾಟುತ್ತಿದ್ದೆ. ಒಳಗಿಂದ ಮಷಿನ್ ಎಣ್ಣೆಯ ವಾಸನೆ ಬಂತು. ಮಸ್ಕಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಚಾಚಿ ನೆನಪಾದಳು. ಓಣಿಯ ಹೆಂಗಸರಿಗೆಲ್ಲ ಕುಪ್ಪಸ ಹೊಲಿದುಕೊಡುತ್ತಿದ್ದವಳು. ಆಕೆ ಬಂದು ಕೂತರೆ ಆ ವಾಸನೆಯೂ ಬಂದು ಕೂರುತ್ತಿತ್ತು...

ನಮ್ಮ ಅವ್ವನಿಗೆ ಕಾದಂಬರಿಯ ಹುಚ್ಚು. ನನ್ನ ಅಕ್ಕ ಹೆರಿಗೆಯಲ್ಲಿ ತೀರಿಕೊಂಡ ಮರುವರ್ಷವೇ ಸಕ್ಕರೆ ಕಾಯಿಲೆಯಿಂದ ಅವ್ವನ ಕಣ್ಣು ಹೋದವು. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ನಾನು ಲಿಂಗಸುಗೂರಿನ ಶಾಲೆಗೆ ಪಾಠ ಮಾಡಲು ಹೋದರೆ ಬರುವುದು ಸಂಜೆಗೆ. ಒಂದು ದಿನ ಚಾಚಿ ಗ್ರಂಥಾಲಯದಿಂದ ಪುಸ್ತಕ ತಂದು, "ಅಕ್ಕಾರ, ನಾ ಕಲ್ತಿದ್ದು ಏಳನೇ ಕ್ಲಾಸ್ ತನಕ. ತಪ್ಪಿದ್ರ ನಗಬ್ಯಾಡ್ರಿ" ಎಂದು ಮಂಚದ ಪಕ್ಕ ಕೂತಳು.

ಮೊದಮೊದಲು ಒತ್ತಕ್ಷರಕ್ಕೆ ಎಡವುತ್ತಿದ್ದಳು. ತಿಂಗಳೊಪ್ಪತ್ತಿನಲ್ಲಿ ಅದೇ ನಾಲಿಗೆಯಲ್ಲಿ ಕಥೆಯ ಗೌಡ ಗುಡುಗಿದ, ಅತ್ತೆ ಮೂಗಿನಿಂದ ಮಾತಾಡಿದಳು. ಅವ್ವ ಎದ್ದು ಕೂತಳು. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ನನ್ನ ಜೊತೆ ಜಗಳ ತೆಗೆಯುವಷ್ಟು ಹುಷಾರಾದಳು.

ಒಂದು ಭಾನುವಾರ ಮಧ್ಯಾಹ್ನ ನಾನೂ ಅಲ್ಲೇ ಇದ್ದೆ. ಕಾದಂಬರಿಯ ಹುಡುಗಿಗೆ ಹೆರಿಗೆ ನೋವು ಶುರುವಾಗಿತ್ತು. ಪುಟ ತಿರುವಿದ ಚಾಚಿ ಮುಂದಿನ ಸಾಲುಗಳ ಮೇಲೆ ಕಣ್ಣಾಡಿಸಿದಳು. "ಯಾ ಅಲ್ಲಾ" ಎಂದು ತುಟಿಯೊಳಗೇ ಅಂದದ್ದು ನನಗೆ ಕೇಳಿಸಿತು.

"ಮುಂದ ಏನಾತು ತಂಗಿ?" ಅವ್ವ ಕೇಳಿದಳು.

"ಚಸ್ಮಾ ಒರಸಾಕತ್ತೀನ್ರೀ ಅಕ್ಕಾರ."

ಆಮೇಲೆ ಓದಿದಳು. ಹುಡುಗಿ ಕಣ್ಣು ತೆರೆದಳು, ನೀರು ಕೇಳಿದಳು, ಅವಳ ತಾಯಿ ಬಿಸಿ ಗಂಜಿ ಕುಡಿಸಿದಳು... ದನಿ ಎಲ್ಲೂ ನಡುಗಲಿಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಂದೆ ವಾರಗಟ್ಟಲೆ ಆ ಹುಡುಗಿ ಕಥೆಯ ತುಂಬ ಓಡಾಡಿದಳು, ಕೂಸಿನ ತಲೆಗೆ ಕುಂಚಿಗೆ ಹೊಲಿದಳು.

ಹೋದ ವರ್ಷ ಚಾಚಿ ಎದೆನೋವಿನಿಂದ ತೀರಿಕೊಂಡಳು. ಅವ್ವನಿಗಾಗಿ ನಾನು ಮೊಬೈಲಿನಲ್ಲಿ ಕೇಳುವ ಪುಸ್ತಕಗಳನ್ನು ಹುಡುಕತೊಡಗಿದೆ. ಎಂಥೆಂಥ ಓದುಗರಿದ್ದಾರೆ! ಬರೀ ಉಸಿರು ಹಿಡಿದು ಬಿಡುವುದರಲ್ಲೇ ಒಬ್ಬ ಮನುಷ್ಯನನ್ನು ಎದುರಿಗೆ ತಂದು ನಿಲ್ಲಿಸುತ್ತಾರೆ. ಬಸ್ಸಿನಲ್ಲಿ ಮೊದಲು ನಾನು ಕೇಳಿ, ಹಿಡಿಸಿದ್ದನ್ನು ಅವ್ವನಿಗೆ ಹಚ್ಚಿಕೊಡುತ್ತೇನೆ. ಹಾಗೆ ಹುಡುಕುವಾಗ ಅದೇ ಕಾದಂಬರಿ ಸಿಕ್ಕಿತು. ಓದಿದವರ ದನಿ ಬಹಳ ಚೆನ್ನಾಗಿತ್ತು. ಆದರೆ ಲಿಂಗಸುಗೂರು ಬರುವ ಮೊದಲೇ ಆ ಹುಡುಗಿ ಸತ್ತುಹೋದಳು. ಹಿಂದಕ್ಕೆ ಸರಿಸಿ ಮತ್ತೆ ಕೇಳಿದೆ. ಹೆರಿಗೆಯಲ್ಲೇ ಸತ್ತಿದ್ದಳು, ಕೂಸೂ ಉಳಿದಿರಲಿಲ್ಲ.

ಸಂಜೆ ಅವ್ವನಿಗೆ ಹೇಳಿದರೆ ಆಕೆ ಬೆರಗಾಗಲಿಲ್ಲ.

"ನಂಗ ಗೊತ್ತಿತ್ತು. ಕಣ್ಣಿದ್ದಾಗ ಎರಡು ಸಲ ಓದೀನಿ."

"ಮತ್ತ ಚಾಚಿಗೆ ಯಾಕ ಹೇಳಲಿಲ್ಲ?"

"ನನ್ನ ಸಲುವಾಗಿ ಆಕಿ ಆ ಹುಡುಗೀನ್ನ ಬದುಕಿಸಿದ್ಳು. ನಾ ಹ್ಯಾಂಗ ಸಾಯಸಲಿ?"

ಈಗ ಅವ್ವ ಮಧ್ಯಾಹ್ನವೆಲ್ಲ ಫೋನು ಎದೆಯ ಮೇಲಿಟ್ಟುಕೊಂಡು ಕಥೆ ಕೇಳುತ್ತಾಳೆ, ಓದುವವರನ್ನು ಮನಸಾರೆ ಹೊಗಳುತ್ತಾಳೆ. ಆ ಒಂದು ಕಾದಂಬರಿಯನ್ನು ಮಾತ್ರ ಹಚ್ಚಗೊಡುವುದಿಲ್ಲ. ಚಾಚಿ ಓದಿದ್ದನ್ನು ಒಂದು ದಿನವಾದರೂ ಆ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಬಹುದಿತ್ತು. ನನಗೆ ಹೊಳೆಯಲೇ ಇಲ್ಲ...