‘ನಿನ್ನ ಕಾಲು ಸರಿ ಉಂಟು’ ಎಂದವರು

ಅವರ ಬಲಗೈ ಹೆಬ್ಬೆರಳಿನ ತುದಿ ಹುಣಸೆಬೀಜದಂತೆ ಗಟ್ಟಿಯಾಗಿ, ನುಣ್ಣಗೆ ಹೊಳೆಯುತ್ತಿತ್ತು. ಕಲಿಯುವವರ ಎಡಬದಿಯ ಸೀಟಿನಲ್ಲಿ ಕೂತು, ಹ್ಯಾಂಡ್‌ಬ್ರೇಕಿನ ಗುಂಡಿಯ ಮೇಲೆ ಸದಾ ಹೆಬ್ಬೆರಳಿಟ್ಟುಕೊಂಡೇ ಮಂಗಳೂರೆಲ್ಲ ಸುತ್ತಿದ್ದರ ಗುರುತು ಅದು. ಕಾಟನ್ ಸೀರೆಯನ್ನು ಕಣಕಾಲಿಗಿಂತ ತುಸು ಮೇಲೆ ನಿಲ್ಲುವಂತೆ ಉಟ್ಟು, ಶಾಲೆಯ ಮಕ್ಕಳು ಆಟದ ಪೀರಿಯಡ್ಡಿಗೆ ಹಾಕುವಂಥ ಬಿಳಿ ಕ್ಯಾನ್ವಾಸ್ ಶೂ ತೊಡುತ್ತಿದ್ದರು. ಜೆಪ್ಪುವಿನ ಅವರ ಮನೆಯ ಗೇಟಿನಲ್ಲಿ ‘ಹೆಂಗಸರಿಗೆ ಕಾರು ಕಲಿಸಲಾಗುವುದು’ ಎಂದು ಒಂದು ಸಣ್ಣ ಬೋರ್ಡು ತೂಗುತ್ತಿತ್ತು. ಮನೆಯಲ್ಲಿ ಕೊಂಕಣಿ, ನಮ್ಮ ಹತ್ತಿರ ತುಳು, ಸಿಟ್ಟು ಬಂದರೆ ಮಾತ್ರ ಅಚ್ಚುಕಟ್ಟಾದ ಕನ್ನಡ. ಕಲಿತವರಿಗೂ ಕಲಿಯದವರಿಗೂ ಅವರು ಟೀಚರ್.

ನಾನು ಅವರ ಹತ್ತಿರ ಹೋದಾಗ ನನಗೆ ನಲವತ್ತು ದಾಟಿತ್ತು. ಗಂಡ ಕುವೈತಿನಲ್ಲಿ. ಶಕ್ತಿನಗರದ ಮನೆಯಲ್ಲಿ ನಾನು ಮತ್ತು ಅತ್ತೆ. ಅತ್ತೆಯ ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ಶುರುವಾದ ಮೇಲೆ ರಿಕ್ಷಾದ ಕುಲುಕಾಟ ಅವರಿಗೆ ತಡೆಯುತ್ತಿರಲಿಲ್ಲ. ಬರುವಾಗ ನನ್ನ ಭುಜದ ಮೇಲೆ ತಲೆಯಿಟ್ಟು ಪ್ರತಿ ಹೊಂಡಕ್ಕೂ ನರಳುತ್ತಿದ್ದರು. ಹಾಗಾಗಿ ಒಂದು ಕಾರು ತೆಗೆದುಕೊಳ್ಳುವುದು, ಅದನ್ನು ನಾನೇ ಓಡಿಸುವುದು ಎಂದು ತೀರ್ಮಾನವಾಯಿತು.

ಟೀಚರ್ ಕಲಿಸುವ ರೀತಿ ಬೇರೆಯವರ ಹಾಗಿರಲಿಲ್ಲ. ಸ್ಟಿಯರಿಂಗ್ ಹಿಡಿಯಲು ಬಂದ ಮೇಲೆ ನೇರವಾಗಿ ಚಡಾವಿಗೆ, ಏರುರಸ್ತೆಗೆ, ಕರೆದೊಯ್ಯುತ್ತಿದ್ದರು. ಮೈದಾನದಲ್ಲಿ ಸುತ್ತಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. “ಮಂಗಳೂರಲ್ಲಿ ಮೈದಾನ ಎಲ್ಲಿ ಉಂಟು ಮಾರಾಯ್ತಿ? ಹತ್ತುವುದು, ಇಳಿಯುವುದು, ಅಷ್ಟೇ ಇರುವುದು ಇಲ್ಲಿ” ಎನ್ನುತ್ತಿದ್ದರು. ಚಡಾವಿನ ನಡುವೆ ಹೇಳದೆ ಕೇಳದೆ ಕೈ ಚಾಚಿ ಕೀ ತಿರುಗಿಸಿ ಎಂಜಿನ್ ಬಂದ್ ಮಾಡುತ್ತಿದ್ದರು. ಗಾಡಿ ಹಿಂದಕ್ಕೆ ಜಾರತೊಡಗಿದಾಗ ನಾನು ಕಿರುಚಿದರೆ, “ಕಿರುಚಿದರೆ ನಿಲ್ಲುತ್ತದಾ? ಎಂಜಿನ್ ಸತ್ತಿತು, ನಿನ್ನ ಎಡಗೈ ಸತ್ತಿಲ್ಲ. ಎಳಿ ಹ್ಯಾಂಡ್‌ಬ್ರೇಕ್!” ಎಂದು ಗದರುತ್ತಿದ್ದರು. ನಾನು ಎಳೆಯುವವರೆಗೆ ಅವರು ಎಳೆಯುತ್ತಿರಲಿಲ್ಲ. ಆದರೆ ಅವರ ಹೆಬ್ಬೆರಳು ಅಲ್ಲೇ ಇರುತ್ತಿತ್ತು.

ಸುಮ್ಮನೆ ಹಾರ್ನ್ ಒತ್ತಿದರೂ ಬೈಗುಳ ಸಿಗುತ್ತಿತ್ತು. “ಅದು ಇರುವುದು ಬೈಯಲಿಕ್ಕಲ್ಲ, ಕೆಮ್ಮಲಿಕ್ಕೆ” ಎಂದು ಒಮ್ಮೆ ಹೇಳಿದ್ದರು. ಚಪ್ಪಲಿ ಹಾಕಿ ಬಂದವರನ್ನು ಆ ದಿನ ಹಿಂದೆ ಕಳುಹಿಸುತ್ತಿದ್ದರು. ಲೈಸೆನ್ಸ್ ಸಿಕ್ಕಿದ ಮೇಲೂ, “ನೀನಿನ್ನು ಒಬ್ಬಳೇ ಹೋಗಬಹುದು” ಎಂಬ ಮಾತು ಅವರ ಬಾಯಿಂದ ಬಾರದೆ ನಾವು ಯಾರೂ ಗಾಡಿ ಹೊರಗೆ ತೆಗೆಯುತ್ತಿರಲಿಲ್ಲ. ಅವರಿಗೆ ತಾವು ಕಲಿಸಿದವರ ಬಗ್ಗೆ ಒಂದು ಬಗೆಯ ಗರ್ವವಿತ್ತು. ರಸ್ತೆಯಲ್ಲಿ ಯಾರಾದರೂ ಹೆಂಗಸು ಚೆನ್ನಾಗಿ ತಿರುವು ತೆಗೆದುಕೊಂಡರೆ, “ನಮ್ಮದೇ” ಎಂದು ಗಂಭೀರವಾಗಿ ಹೇಳುತ್ತಿದ್ದರು. ಹಲವು ಸಲ ಅದು ಸುಳ್ಳೂ ಆಗಿತ್ತು.

ಹೊಸ ಕಾರು ಬಂತು. ಮೊದಲ ಕೆಲವು ವಾರ ಎಲ್ಲ ಚೆನ್ನಾಗಿಯೇ ಇತ್ತು. ಅತ್ತೆ ಹಿಂದಿನ ಸೀಟಿನಲ್ಲಿ ದಿಂಬಿಟ್ಟುಕೊಂಡು, “ಇದು ಮನೆಯ ಮಂಚದ ಹಾಗೆ ಉಂಟು” ಎಂದು ಖುಷಿಪಟ್ಟರು. ಆಮೇಲೆ ಒಂದು ಬೆಳಿಗ್ಗೆ ಸಿಗ್ನಲ್ ದಾಟಿ ಸ್ವಲ್ಪ ಏರುವಾಗ ಕಾರು ಸದ್ದಿಲ್ಲದೆ ನಿಂತುಹೋಯಿತು. ಮೀಟರಿನ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಕೀ ತಿರುಗಿಸಿದರೆ ಏನೂ ಆಗದಂತೆ ಮತ್ತೆ ಚಾಲೂ ಆಯಿತು. ಬೈಕಂಪಾಡಿಯ ವರ್ಕ್‌ಶಾಪಿಗೆ ತೆಗೆದುಕೊಂಡು ಹೋದೆ. ಅವರು ಸಂಜೆಯವರೆಗೆ ಇಟ್ಟುಕೊಂಡು, ತೊಳೆದು, ಕೊಟ್ಟರು. ಅಲ್ಲಿನ ಮ್ಯಾನೇಜರ್ ನಗುನಗುತ್ತಲೇ ಕೇಳಿದ: “ಮೇಡಂ, ಹೊಸತಾಗಿ ಕಲಿತದ್ದಾ? ಕ್ಲಚ್ ಬೇಗ ಬಿಡ್ತೀರಿ ಕಾಣ್ತದೆ. ಗಾಡಿಯಲ್ಲಿ ಎಂತದೂ ಇಲ್ಲ.”

ನಾನು ನಂಬಿದೆ. ನನ್ನ ಕಾಲನ್ನೇ ಬೈದುಕೊಂಡೆ. ಗಾಡಿ ಮತ್ತೆ ನಿಂತಿತು, ಮತ್ತೆ ಬೈಕಂಪಾಡಿಗೆ ಹೋದೆ, ಮತ್ತೆ ಅದೇ ಉತ್ತರ. ಫೋನಿನಲ್ಲಿ ಗಂಡನೂ, “ಸ್ವಲ್ಪ ನಿಧಾನ ಬಿಡು ಮಾರಾಯ್ತಿ ಕ್ಲಚ್” ಎಂದರು.

ಅದಾದ ಮೇಲೆ ಒಂದು ದಿನ ಡಯಾಲಿಸಿಸ್ ಮುಗಿಸಿ ಅತ್ತೆಯನ್ನು ಕರೆದುಕೊಂಡು ಶಕ್ತಿನಗರದ ಚಡಾವು ಹತ್ತುತ್ತಿದ್ದೆ. ಮುಂದೆ ಬಸ್ಸು, ಹಿಂದೆ ಶಾಲೆಯ ವ್ಯಾನು. ಅರ್ಧದಲ್ಲಿ ಎಂಜಿನ್ ನಿಂತಿತು. ಸ್ಟಿಯರಿಂಗ್ ಬಿಗಿಯಾಯಿತು. ಬ್ರೇಕ್ ಪೆಡಲ್ ಕಾಲಡಿಯಲ್ಲಿ ಕಲ್ಲಾಯಿತು. ಗಾಡಿ ಹಿಂದಕ್ಕೆ ಜಾರಿತು. ಕನ್ನಡಿಯಲ್ಲಿ ವ್ಯಾನಿನ ಗಾಜಿಗೆ ಮುಖ ಒತ್ತಿ ಕೂತ ಮಕ್ಕಳು ಹತ್ತಿರ ಹತ್ತಿರ ಬರುತ್ತಿದ್ದರು. ನಾನು ಯೋಚಿಸಲಿಲ್ಲ. ಎಡಗೈ ತಾನಾಗಿ ಹೋಗಿ ಹ್ಯಾಂಡ್‌ಬ್ರೇಕ್ ಎಳೆಯಿತು. ಗಾಡಿ ನಿಂತಿತು. ವ್ಯಾನಿನ ಡ್ರೈವರ್ ಇಳಿದು ಬಂದು, ಬೈಯಲು ಬಾಯಿ ತೆರೆದವನು, ಹಿಂದಿನ ಸೀಟಿನಲ್ಲಿ ಕೈಗೆ ಬ್ಯಾಂಡೇಜ್ ಸುತ್ತಿಕೊಂಡ ಅತ್ತೆಯನ್ನು ನೋಡಿ ವ್ಯಾನಿಗೆ ಹಿಂದಿರುಗಿದ.

ಮನೆ ತಲುಪಿದ ಮೇಲೆ ಅತ್ತೆ ಮೆಲ್ಲಗೆ ಹೇಳಿದರು: “ಬೇಡ ಮಗಾ. ರಿಕ್ಷಾದಲ್ಲೇ ಹೋಗುವ.” ಅವರು ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ಕೀಯನ್ನು ಕಪಾಟಿನೊಳಗಿಟ್ಟೆ. ನನಗೆ ಗಾಡಿ ಓಡಿಸಲು ಬರುವುದಿಲ್ಲ ಎಂದು ಒಪ್ಪಿಕೊಂಡುಬಿಟ್ಟೆ.

ಸುದ್ದಿ ಯಾರ ಮೂಲಕ ಹೋಯಿತೋ, ಒಂದು ಮಧ್ಯಾಹ್ನ ಟೀಚರ್ ಕ್ಯಾನ್ವಾಸ್ ಶೂ ಹಾಕಿಕೊಂಡೇ ಮನೆಗೆ ಬಂದರು. ಚಹಾ ಬೇಡ ಎಂದರು. “ಕೀ ತಾ” ಎಂದರು. ನಾನು ನಡೆದದ್ದೆಲ್ಲ ಹೇಳಿದೆ. ಮ್ಯಾನೇಜರ್ ಹೇಳಿದ ಕ್ಲಚ್ಚಿನ ಮಾತು ಬಂದಾಗ ಅವರ ಮುಖ ಕೆಂಪಾಯಿತು. ತಟ್ಟನೆ ಕನ್ನಡಕ್ಕೆ ತಿರುಗಿದರು: “ನಾನು ಕಲಿಸಿದವಳಿಗೆ ಕ್ಲಚ್ ಬಿಡಲು ಬರುವುದಿಲ್ಲ ಎಂದರೆ ಅದು ನನಗೆ ಹೇಳಿದ ಮಾತು.”

ನನ್ನನ್ನು ಸ್ಟಿಯರಿಂಗಿನ ಮುಂದೆ ಕೂರಿಸಿ ತಾವು ಎಡಬದಿಯಲ್ಲಿ ಕೂತರು. ಅದೇ ಚಡಾವನ್ನು ಹತ್ತಿಸಿದರು, ಇಳಿಸಿದರು, ಮತ್ತೆ ಹತ್ತಿಸಿದರು. ರಸ್ತೆಯ ಕಡೆ ನೋಡಲೇ ಇಲ್ಲ. ಬಗ್ಗಿ ನನ್ನ ಪಾದಗಳನ್ನೇ ನೋಡುತ್ತಿದ್ದರು. ಕೊನೆಗೂ ಗಾಡಿ ನಿಂತಿತು. ನಾನು ಹ್ಯಾಂಡ್‌ಬ್ರೇಕ್ ಎಳೆದು, ಅವರ ಬೈಗುಳಕ್ಕೆ ಕಾದು ಕೂತೆ. ಅವರು ನೆಟ್ಟಗೆ ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡು, ನಿಧಾನವಾಗಿ ಹೇಳಿದರು.

“ನಿನ್ನ ಕಾಲು ಸರಿ ಉಂಟು. ಗಾಡಿ ಸರಿ ಇಲ್ಲ.”

ಅಷ್ಟೇ. ನಾನು ಆ ರಸ್ತೆಯ ಬದಿಯಲ್ಲಿ, ಹೋಗಿ ಬರುವವರು ನೋಡುವಂತೆ, ಅತ್ತುಬಿಟ್ಟೆ. ಎಷ್ಟು ದಿನದಿಂದ ಎದೆಯ ಮೇಲೆ ಹೊತ್ತಿದ್ದೆನೋ, ಆ ಭಾರ ಇಳಿಯಿತು. ಗಾಡಿ ಇನ್ನೂ ಕೆಟ್ಟೇ ಇತ್ತು. ಆದರೂ ಆ ಸಂಜೆ ನಾನು ಹೊಟ್ಟೆತುಂಬ ಊಟ ಮಾಡಿದೆ.

ಮರುದಿನ ಇಬ್ಬರೂ ಬೈಕಂಪಾಡಿಗೆ ಹೋದೆವು. ಮ್ಯಾನೇಜರ್ ಕುರ್ಚಿ ಹಾಕಿಸಿ, ತಂಪು ಪಾನೀಯ ತರಿಸಿ, “ನೋಡಿ ಮೇಡಂ, ಕ್ಲಚ್ ಸವೆಯುವ ಭಾಗ, ಅದು ವಾರಂಟಿಯಲ್ಲಿ ಬರುವುದಿಲ್ಲ” ಎಂದು ಶುರುಮಾಡಿದ.

“ಕ್ಲಚ್ ಯಾರು ಕೇಳಿದ್ದು?” ಎಂದರು ಟೀಚರ್. “ಎಂಜಿನ್ ಯಾಕೆ ನಿಲ್ಲುತ್ತದೆ, ಅದನ್ನು ಹೇಳಿ.”

“ಓಡಿಸುವ ರೀತಿಯಿಂದ ಆಗುವುದು.”

“ಹಾಗಾದರೆ ಅದನ್ನೇ ಬರೆದು ಸಹಿ ಹಾಕಿ ಕೊಡಿ. ಗಾಡಿಯಲ್ಲಿ ದೋಷ ಇಲ್ಲ, ತಪ್ಪು ಓಡಿಸುವವಳದ್ದು ಅಂತ.”

“ಹಾಗೆಲ್ಲ ಬರೆದು ಕೊಡ್ಲಿಕ್ಕೆ ಆಗುವುದಿಲ್ಲ ಮೇಡಂ.”

“ಬರೆಯಲು ಆಗದ್ದನ್ನು ಬಾಯಲ್ಲಿ ಹೇಳಬೇಡಿ” ಎಂದರು ಟೀಚರ್. ತಂಪು ಪಾನೀಯ ಹಾಗೆಯೇ ಉಳಿಯಿತು. ಗಾಡಿಯ ದೂರು ಬರೆದುಕೊಳ್ಳುವ ಜಾಬ್ ಕಾರ್ಡುಗಳಲ್ಲಿ ಅಲ್ಲಿಯವರೆಗೆ ವರ್ಕ್‌ಶಾಪಿನವರು ‘ಸಾಮಾನ್ಯ ತಪಾಸಣೆ’ ಎಂದಷ್ಟೇ ಬರೆದಿದ್ದರು. ಆ ದಿನದ್ದರಲ್ಲಿ ‘ಚಡಾವಿನಲ್ಲಿ ಎಂಜಿನ್ ತಾನಾಗಿ ನಿಲ್ಲುತ್ತದೆ’ ಎಂದು ನಮ್ಮ ಮಾತಿನಲ್ಲೇ ಬರೆಸದೆ ಟೀಚರ್ ಕುರ್ಚಿಯಿಂದ ಏಳಲಿಲ್ಲ.

ಆದರೂ ಗಾಡಿ ಸರಿಯಾಗಲಿಲ್ಲ. ಕಂಪೆನಿಗೆ ಇಮೇಲ್ ಮಾಡಿದರೆ, ‘ನಿಮ್ಮ ಸಮಸ್ಯೆಯನ್ನು ಗಮನಿಸಲಾಗಿದೆ’ ಎಂಬ ಒಂದೇ ಉತ್ತರ. ಆಗ ಟೀಚರ್ ನನ್ನನ್ನು ಒಬ್ಬ ವಕೀಲೆಯ ಹತ್ತಿರ ಕರೆದೊಯ್ದರು. ಆಕೆಯೂ ಅವರ ಹತ್ತಿರ ಕಾರು ಕಲಿತವಳೇ. ಎಲ್ಲ ಕೇಳಿಕೊಂಡು ಆಕೆ ಹೇಳಿದಳು: “ಅಕ್ಕ, ವಾರಂಟಿ ಅಂದರೆ ಅವರು ಮಾಡುವ ಉಪಕಾರ ಅಲ್ಲ, ಕೊಟ್ಟ ಮಾತು. ತಯಾರಾಗುವಾಗಲೇ ದೋಷ ಇತ್ತು ಅಂತ ತೋರಿಸಿದರೆ ಬದಲಿ ಗಾಡಿಯೋ, ಕೊಟ್ಟ ಹಣವೋ ಕೇಳಬಹುದು. ಗ್ರಾಹಕರ ಆಯೋಗಕ್ಕೆ ದೂರು ಕೊಡುವ. ವಕೀಲರೇ ಬೇಕು ಅಂತಿಲ್ಲ, ನೀವೇ ನಿಂತು ಹೇಳಬಹುದು. ಆದರೆ ನಾನು ಬರ್ತೇನೆ. ಇಲ್ಲದಿದ್ದರೆ ಟೀಚರ್ ಬಿಡುವುದಿಲ್ಲ.”

ನನಗೆ ಹೆದರಿಕೆಯಾಯಿತು. ನಮ್ಮ ಮನೆಯಲ್ಲಿ ಯಾರೂ ಅಂಥ ಕಟ್ಟಡದ ಮೆಟ್ಟಿಲು ಹತ್ತಿದವರಲ್ಲ. ಗಂಡನೂ, “ದೊಡ್ಡ ಕಂಪೆನಿ, ನಮ್ಮಿಂದ ಆಗ್ಲಿಕ್ಕುಂಟಾ?” ಎಂದರು. ದೂರು ಕೊಡುವ ದಿನ ಆಯೋಗದ ಮೆಟ್ಟಿಲ ಬುಡದಲ್ಲಿ ನಿಂತು ಟೀಚರಿಗೆ, “ಬೇಡವಾ?” ಎಂದು ಕೇಳಿದೆ. ಅವರು ಗಟ್ಟಿಯಾಗಿ ನಕ್ಕು, “ನಲವತ್ತು ದಾಟಿ ಚಡಾವು ಹತ್ತಲು ಕಲಿತವಳು ನೀನು. ಇದಕ್ಕೆ ಗೇರ್ ಕೂಡ ಬೇಡ, ನಡಿ” ಎಂದರು.

ಎದುರು ಪಕ್ಷದ ವಕೀಲರು ಬಂದು, ಓಡಿಸುವವರಿಗೆ ಅನುಭವ ಸಾಲದು ಎಂದೇ ವಾದಿಸಿದರು. ಟೀಚರ್ ತಮ್ಮ ಹೇಳಿಕೆ ಬರೆದು ಕೊಟ್ಟರು: ಈಕೆಗೆ ಕಲಿಸಿದವಳು ನಾನು, ಈಕೆಯ ಪಕ್ಕ ಕೂತಿದ್ದಾಗಲೇ ಗಾಡಿ ನಿಂತಿತು, ಈಕೆಯ ಕಾಲು ಎಲ್ಲಿ ಇರಬೇಕೋ ಅಲ್ಲೇ ಇತ್ತು. ನಮ್ಮ ವಕೀಲೆ ಪರಿಣತರಿಂದ ಪರೀಕ್ಷೆ ಮಾಡಿಸಬೇಕೆಂದು ಕೇಳಿದಳು. ಆಯೋಗ ಒಪ್ಪಿ, ಎಂಜಿನಿಯರಿಂಗ್ ಕಾಲೇಜೊಂದರ ಪ್ರೊಫೆಸರರನ್ನು ನೇಮಿಸಿತು.

ಪರೀಕ್ಷೆಯ ದಿನ ನಾವೆಲ್ಲ ಚಡಾವಿನ ಬುಡದಲ್ಲಿ ನಿಂತಿದ್ದೆವು. ಪ್ರೊಫೆಸರ್ ತಮ್ಮ ಯಂತ್ರವನ್ನು ಗಾಡಿಗೆ ಜೋಡಿಸಿ, ತಾವೇ ಓಡಿಸಿಕೊಂಡು ಹೋದರು. ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲವೂ ಇಲ್ಲ. ಮ್ಯಾನೇಜರ್ ನಮ್ಮ ಕಡೆ ನೋಡಿ ನಕ್ಕ. ನಾನು ಟೀಚರ್ ಕಡೆ ನೋಡಿದೆ. ಟೀಚರ್ ಬಾಯಲ್ಲಿ ಪೆಪ್ಪರ್‌ಮಿಂಟ್ ಹಾಕಿಕೊಂಡು ಸುಮ್ಮನೆ ಮೇಲೆ ನೋಡುತ್ತಿದ್ದರು. ಮುಂದಿನ ಸಲ ಗಾಡಿ ಅರ್ಧಕ್ಕೆ ಹೋಗಿ, ಒಮ್ಮೆ ಜಗ್ಗಿ, ನಿಂತುಬಿಟ್ಟಿತು. ಸ್ವಲ್ಪ ಹಿಂದಕ್ಕೂ ಜಾರಿತು.

ಟೀಚರ್ ಪಕ್ಕದಲ್ಲಿ ನಿಂತ ಮ್ಯಾನೇಜರಿಗೆ ಕೇಳಿದರು: “ಎಂತ, ಪ್ರೊಫೆಸರಿಗೂ ಕ್ಲಚ್ ಬಿಡ್ಲಿಕ್ಕೆ ಬರುವುದಿಲ್ವಾ?”

ಪೆಟ್ರೋಲ್ ಪಂಪಿಗೆ ಹೋಗುವ ವಯರಿನ ಜೋಡಣೆಯಲ್ಲೇ ದೋಷವಿತ್ತು. ಗಾಡಿ ಓರೆಯಾಗಿ ಏರುವಾಗ ಸಂಪರ್ಕ ತಪ್ಪಿಹೋಗುತ್ತಿತ್ತು. ತಯಾರಾಗುವಾಗಲೇ ಆದದ್ದು ಎಂದು ಪ್ರೊಫೆಸರ್ ವರದಿ ಕೊಟ್ಟರು. ಅದಾದ ಮೇಲೆ ಕಂಪೆನಿಯವರ ದನಿಯೇ ಬದಲಾಯಿತು. ರಿಪೇರಿ ಮಾಡಿಕೊಡ್ತೇವೆ ಎಂದರು. ಇಷ್ಟು ಸಲ ದೋಷವೇ ಇಲ್ಲ ಎಂದವರ ರಿಪೇರಿಯನ್ನು ನಂಬಿ ರೋಗಿಯನ್ನು ಹೇಗೆ ಕೂರಿಸುವುದು ಎಂದು ವಕೀಲೆ ಕೇಳಿದಳು. ತೀರ್ಪಿನವರೆಗೂ ಹೋಗದೆ, ಅದೇ ಮಾದರಿಯ ಬೇರೆ ಗಾಡಿ ಕೊಡಲು ಆಯೋಗದ ಮುಂದೆಯೇ ಅವರು ಒಪ್ಪಿದರು.

ನಾನು ಹೊರಗೆ ಬಂದು ಅತ್ತೆಗೆ ಫೋನು ಮಾಡಿದೆ. ಅತ್ತೆ ನಡೆದದ್ದನ್ನೆಲ್ಲ ಎರಡೆರಡು ಸಲ ಹೇಳಿಸಿಕೊಂಡರು. ಆಮೇಲೆ, “ನಿನ್ನ ತಪ್ಪಲ್ಲ ಅಂತ ಕಂಪೆನಿಯವರೇ ಹೇಳಿದ್ರಾ?” ಎಂದು ಕೇಳಿದರು. ಹೌದು ಎಂದೆ. “ಹಾಗಾದರೆ ನಾಡಿದ್ದು ಆಸ್ಪತ್ರೆಗೆ ರಿಕ್ಷಾ ಹೇಳಬೇಡ” ಎಂದರು. ಹೊಸ ಗಾಡಿ ಬರಲು ಇನ್ನೂ ದಿನಗಳಿದ್ದವು. ನಾನು ನಗುತ್ತಲೇ ಕಣ್ಣೊರೆಸಿಕೊಂಡೆ. ಪಕ್ಕದಲ್ಲಿ ಟೀಚರ್ ಪರ್ಸಿನಲ್ಲಿ ಪೆಪ್ಪರ್‌ಮಿಂಟ್ ಹುಡುಕುತ್ತಿರುವಂತೆ ನಟಿಸುತ್ತಿದ್ದರು.

ಬಂದ ಗಾಡಿಗೆ ಈವರೆಗೂ ಏನೂ ಆಗಿಲ್ಲ. ಅದು ಬರುವಷ್ಟರಲ್ಲಿ ಸಕ್ಕರೆ ಕಾಯಿಲೆಯಿಂದ ಟೀಚರ್‌ಗೆ ಕಣ್ಣು ಮಂಜಾಗಿತ್ತು. ಗೇಟಿನ ಬೋರ್ಡನ್ನು ತಾವೇ ತೆಗೆದಿಟ್ಟರು. ಆದಿತ್ಯವಾರ ಅವರನ್ನು ಇಗರ್ಜಿಗೆ, ಅಂದರೆ ಚರ್ಚಿಗೆ, ಬಿಡುವುದು, ಅಲ್ಲಿನ ಪೂಜೆ ಮುಗಿದ ಮೇಲೆ ಕರೆತರುವುದು ನನ್ನ ಕೆಲಸವಾಯಿತು. ಕೇಳದೆಯೇ ಹೋಗುತ್ತಿದ್ದೆ. ಮೊದಮೊದಲು, “ಗೇರ್ ಬದಲಿಸು, ಕೇಳುವುದಿಲ್ವಾ ಅದರ ಸದ್ದು?” ಎನ್ನುತ್ತಿದ್ದರು. ಆಮೇಲಾಮೇಲೆ ಅದೂ ನಿಂತಿತು.

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವರ ಮಗಳು ಫೋನು ಮಾಡಿ ವಿಷಯ ಹೇಳಿದಳು. ನಿದ್ದೆಯಲ್ಲೇ ಹೋಗಿದ್ದರು. ಮಣ್ಣು ಮಾಡಿ ಬಂದ ಮೇಲೆ, ಮಾತಿನ ನಡುವೆ ಆಕೆ ಹೇಳಿದ್ದು: “ಬೇರೆಯವರು ಓಡಿಸುವಾಗ ಅಮ್ಮ ಕಣ್ಣು ಮುಚ್ಚಿದ್ದನ್ನು ನಾನು ಕಂಡದ್ದೇ ಇಲ್ಲ. ಅಪ್ಪ ಓಡಿಸುವಾಗಲೂ ಇಲ್ಲ.”

ನಾನು ಕಂಡಿದ್ದೇನೆ. ಟೀಚರ್ ತೀರಿಕೊಳ್ಳುವ ಸ್ವಲ್ಪ ಮೊದಲು ಒಂದು ಆದಿತ್ಯವಾರ, ಇಗರ್ಜಿಯಿಂದ ಅವರನ್ನೂ, ಜೊತೆಗೆ ಬಂದಿದ್ದ ಅತ್ತೆಯನ್ನೂ ನಮ್ಮ ಮನೆಗೆ ಊಟಕ್ಕೆ ಕರೆದುಕೊಂಡು ಬರುತ್ತಿದ್ದೆ. ಶಕ್ತಿನಗರದ ಚಡಾವು ಹತ್ತುವಾಗ ಎಡಬದಿಯಿಂದ ಸಣ್ಣ ಗೊರಕೆ ಕೇಳಿಸಿತು. ಅಂಗಳಕ್ಕೆ ಬಂದು ಗಾಡಿ ನಿಲ್ಲಿಸಿದಾಗಲೂ ಅವರ ತಲೆ ಗಾಜಿಗೆ ವಾಲಿಕೊಂಡೇ ಇತ್ತು. ಅತ್ತೆ ಹಿಂದಿನಿಂದ ನನ್ನ ಭುಜ ಮುಟ್ಟಿ, ಎಬ್ಬಿಸಬೇಡ ಎಂದು ಕೈಸನ್ನೆ ಮಾಡಿದರು. ಎಸಿ ಇರಲಿ ಎಂದು ನಾನು ಎಂಜಿನ್ ಬಂದ್ ಮಾಡಲಿಲ್ಲ. ಟೀಚರ್ ತಾವಾಗಿ ಏಳುವವರೆಗೆ ನಾವಿಬ್ಬರೂ ಮಾತಿಲ್ಲದೆ ಗಾಡಿಯಲ್ಲೇ ಕೂತೆವು.