ಒಂದೇ ಸಿಟ್ಟು, ಮೂರು ಕಾಗದ

ಜರ್ಮನಿಗೆ ಬಂದ ಮೊದಲ ಭಾನುವಾರ ಮಧ್ಯಾಹ್ನ ಶೇಂಗಾ ಚಟ್ನಿ ಕುಟ್ಟುತ್ತ ಕೂತಿದ್ದೆ. ಮನೆಯೊಡತಿ ಬಾಗಿಲು ಬಡಿದು, ನಿಲ್ಲಿಸದಿದ್ದರೆ ಪೊಲೀಸರನ್ನು ಕರೆಯುತ್ತೇನೆ ಎಂದಳು. ಇಲ್ಲಿ ‘ರೂಹೆತ್ಸೈಟ್’ ಎಂಬುದೊಂದಿದೆ. ಯಾರೂ ಸದ್ದು ಮಾಡಬಾರದ ಹೊತ್ತು. ಭಾನುವಾರವಿಡೀ ಅದೇ. ನಮ್ಮೂರು ದಾಂಡೇಲಿಯ ಅಂಬೇವಾಡಿಯಲ್ಲಿ ಕುಟ್ಟುವ ಸದ್ದು ಕೇಳಿದರೆ ಪಕ್ಕದವರು ಬಟ್ಟಲು ಹಿಡಿದು ಬರುತ್ತಾರೆ. ಇವರಿಗೆ ಬೇಕಾಗಿರುವುದು ಸ್ಮಶಾನದ ಶಾಂತಿ. ತಿನ್ನುವುದೂ ಅದಕ್ಕೆ ತಕ್ಕ ತಣ್ಣನೆಯ ಬ್ರೆಡ್ಡು.

ನಮ್ಮವರೇನು ಕಡಿಮೆಯಲ್ಲ. ಅಣ್ಣನ ಮಗಳನ್ನು ತೊಟ್ಟಿಲಿಗೆ ಹಾಕುವ ಎರಡು ದಿನ ಮೊದಲು ನಾನು ವಿಮಾನ ಹತ್ತಿದ್ದೆ, ಕೆಲಸಕ್ಕೆ ಹಾಜರಾಗಲೇಬೇಕಿತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಹೇಳಿದ ಕೂಡಲೇ ಸುತ್ತಲಿನ ಹೆಂಗಸರು ನಗುತ್ತ ಆಕೆಯ ಬೆನ್ನಿಗೆ ಗುದ್ದುತ್ತಾರೆ. ಅಣ್ಣನಿಗಿರುವ ತಂಗಿ ನಾನೊಬ್ಬಳೇ. ಹಳಿಯಾಳದ ಕಾಕಾ ಆ ತಿಂಗಳೇ ಬರೆದರು: “ಆಕಿ ನನ್ನ ಪಾಲಿಗೆ ಇಲ್ಲ ಅಂತ ನಿಮ್ಮಣ್ಣ ಎಲ್ಲಾರ ಮುಂದ ಅಂದಾನ.” ಮರುವರ್ಷ ಮಳಗಿಯ ಚಿಗವ್ವನ ಕಾಗದದಲ್ಲೂ ಅದೇ ಮಾತು. ಮೂರನೆಯ ವರ್ಷ ಜೋಯಿಡಾದ ಮಾವನದು. ಕಟ್ಟಿಗೆ ಡಿಪೋದ ಗುಮಾಸ್ತನಾದ ಅಣ್ಣನಿಗೆ ವರ್ಷವರ್ಷವೂ ಇಷ್ಟು ಸೊಕ್ಕೇ ಎಂದು ನಾನೂ ಫೋನು ಮಾಡಲಿಲ್ಲ. ಆದರೆ ಆ ಕೂಸಿನ ಹೆಸರೇನೆಂದು ತಿಳಿಯದ ಸಂಕಟ ಮಾತ್ರ ಹೋಗಲಿಲ್ಲ.

ನನ್ನ ಕೆಲಸ ಉಪಗ್ರಹ ಕಳಿಸಿದ ಎಕ್ಸ್‌ರೇ ಚಿತ್ರಗಳನ್ನು ನೋಡುವುದು. ನಮ್ಮ ಆಕಾಶಗಂಗೆಯ ನಡುವೆ ಒಂದು ದೈತ್ಯ ಕಪ್ಪುಕುಳಿ ಇದೆ. ಈಗ ಅದು ತಣ್ಣಗಿದೆ. ಆದರೂ ಅದರಿಂದ ಬಹುದೂರದ ಅನಿಲದ ಮೋಡಗಳು ಬೆಳಗುತ್ತಿವೆ. ಹಿಂದೆಂದೋ ಕುಳಿಯ ಬಾಯಿಗೆ ಬಿದ್ದದ್ದೇನೋ ಕಾದು ಧಗ್ಗೆಂದಿದೆ. ನೇರ ಬಂದ ಬೆಳಕು ನಮ್ಮನ್ನು ದಾಟಿ ಎಷ್ಟೋ ಕಾಲವಾಯಿತು. ಮೋಡಕ್ಕೆ ತಾಗಿ ಸುತ್ತಿ ಬಂದದ್ದು ಈಗ ತಲುಪುತ್ತಿದೆ. ಇದನ್ನು ಬೆಳಕಿನ ಮಾರ್ದನಿ ಎನ್ನುತ್ತಾರೆ. ಮೂರು ಮೋಡಗಳು ಬೇರೆ ಬೇರೆ ವರ್ಷ ಬೆಳಗಿದ್ದನ್ನು ಕಂಡು ನಾನು ಮೂರು ಸ್ಫೋಟ ಎಂದು ಬರೆದೆ. ಪ್ರೊಫೆಸರ್ ಮೂಗು ಮುರಿದರು. “ದಾರಿಯ ಉದ್ದ ಅಳೆದಿರಾ?” ಎಂದರು. ಗೊಣಗುತ್ತಲೇ ಅಳೆದೆ. ದಾರಿ ಉದ್ದವಾದಷ್ಟೂ ಬೆಳಕು ತಡ. ಮೂರಕ್ಕೂ ಒಂದೇ ಸ್ಫೋಟ ಸಾಕಾಗಿತ್ತು.

ಶನಿವಾರ ಮನೆಯಲ್ಲಿ ಮೂರೂ ಕಾಗದ ಹರವಿಕೊಂಡೆ. ಎಲ್ಲದರಲ್ಲೂ ಅದೇ ಮಾತು, ಅದೇ ತೊಟ್ಟಿಲ ದಿನ. ಚಿಗವ್ವ ಅದನ್ನು ಕಾಕಾನಿಂದ ಕೇಳಿದ್ದಳು, ಮಾವ ಚಿಗವ್ವನಿಂದ. ಆಕಾಶ ಓದಲು ಬಂದವಳಿಗೆ ಮೂರು ಕಾಗದ ಓದಲು ಬಂದಿರಲಿಲ್ಲ. ಆ ಚಾಡಿಕೋರರಿಗಿಂತ ನನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಬೆಳಗ್ಗೆ ಅಂಬೇವಾಡಿಗೆ ಫೋನು ಮಾಡಿದೆ.

“ಸಿಟ್ಟ? ಅದು ಅವತ್ತ ಸಂಜೀಕನ ಇಳೀತು,” ಎಂದ ಅಣ್ಣ. “ಹಂಗ ಅಂದ ಮ್ಯಾಲ ಯಾವ ಮಾರಿ ಹೊತ್ತ ನಿನಗ ಕಾಗದ ಬರೀಲಿ?”

“ಕೂಸಿನ ಹೆಸರ ಏನಿಟ್ರಿ?”

“ಅಂಗನವಾಡ್ಯಾಗ ಬರಸಾಕ ಒಂದ ಐತಿ. ಕಿವ್ಯಾಗಿನ ಹೆಸರ ಇನ್ನೂ ಇಟ್ಟಿಲ್ಲ. ಅದು ನಿನ್ನ ಕೆಲಸ.”

ಅಣ್ಣ ರಿಸೀವರನ್ನು ಮಗಳ ಕಿವಿಗೆ ಹಿಡಿದ. ಪುಟ್ಟ ಉಸಿರು ಕೇಳಿಸಿತು. ತೀರಿಹೋದ ನಮ್ಮವ್ವನ ಹೆಸರನ್ನು ಮೂರು ಸಲ ಹೇಳಿದೆ. ಆಚೆಯಿಂದ ಅತ್ತಿಗೆ ಕೂಗಿದಳು: “ಗುದ್ದ ಹಂಗ ಇಟ್ಟೇವಿ, ಬಂದ ತಿಂದ ಹೋಗ್ರಿ!”

ನಕ್ಕೆ, ಆಮೇಲೆ ಗಟ್ಟಿಯಾಗಿ ಅತ್ತೆ. ಭಾನುವಾರ ಎಂಬುದು ಮರೆತೇ ಹೋಗಿತ್ತು. ಪಕ್ಕದ ಕೋಣೆಯಿಂದ ಮನೆಯೊಡತಿ ದಬದಬ ಗುದ್ದಿದಳು. ಅಂಬೇವಾಡಿಯಲ್ಲಿ ನನ್ನ ಬೆನ್ನಿಗೆ ಬೀಳಬೇಕಾದ ಗುದ್ದುಗಳು ಇಲ್ಲಿ ಗೋಡೆಗೆ ಬಿದ್ದವು.