ಇನ್ನೂ ಬೆಳೆಯುತ್ತಿರುವ ಮದುಮಗಳಿಗೆ ರೇಷ್ಮೆ ಬ್ಲೌಸು

ಸ್ನೇಹಿತರೇ, ಇಂದು ಮಧ್ಯಾಹ್ನ ಕೇಳಿದ ಮಾತೊಂದನ್ನು ನನಗೆ ಇನ್ನೂ ನಂಬಲಾಗುತ್ತಿಲ್ಲ.

ಶಿರಾದಲ್ಲಿ ಮಹಿಳೆಯರೇ ನಡೆಸುವ ನಮ್ಮ ಹೊಲಿಗೆ ಕೇಂದ್ರಕ್ಕೆ ಗೌಡಗೆರೆ ಕಡೆಯ ತಾಯಿಯೊಬ್ಬರು ಮಗಳನ್ನು ಕರೆತಂದು, ರೇಷ್ಮೆ ಬಟ್ಟೆ ಕೊಟ್ಟು ಬ್ಲೌಸು ಹೊಲಿಯಲು ಹೇಳಿದರು. ಹುಡುಗಿ ಶಾಲೆಯ ಸಮವಸ್ತ್ರದಲ್ಲೇ ಇದ್ದಳು. ನಮ್ಮಲ್ಲೇ ಕೆಲಸ ಕಲಿತು ಈಗ ತನ್ನ ಮನೆ ನಡೆಸುತ್ತಿರುವ ಸವಿತಾ ಅಳತೆ ತೆಗೆಯತೊಡಗಿದಳು.

“ಒಳಗೆ ವಸಿ ಜಾಸ್ತಿ ಬಟ್ಟೆ ಬುಡು ಕಣಮ್ಮ, ಆಮೇಲೆ ಬಿಚ್ಕಬೋದು. ಇನ್ನೂ ಬೆಳೀತಾ ಅವ್ಳೆ,” ಎಂದರು ತಾಯಿ.

“ಯಾರ ಮದ್ವೆಗಮ್ಮ? ಅಕ್ಕಂದಾ?” ಸವಿತಾ ಕೇಳಿದಳು.

“ಅಕ್ಕ ಎಲ್ಲವ್ಳೆ? ಇವಳ್ದೇ ಮದ್ವೆ. ಒಳ್ಳೆ ಸಂಬಂಧ, ತಾನಾಗೇ ಬಂದೈತೆ. ಓದು ಒಂಬತ್ನೇ ಕ್ಲಾಸಿಗೇ ಸಾಕು ಅಂದವ್ರೆ ಗಂಡಿನ ಕಡೆಯೋರು.”

ಹುಡುಗಿ ಅಳತೆಗೆಂದು ಎತ್ತಿದ ಕೈಗಳನ್ನು ಇಳಿಸದೆ, ನೆಲ ನೋಡುತ್ತ ನಿಂತಿದ್ದಳು. ಸವಿತಾ ಟೇಪು ಸುತ್ತಿಟ್ಟಳು.

“ಹದಿನೆಂಟು ತುಂಬಿದ್ಮೇಲೆ ಬನ್ನಿ. ಹೊಸ ಅಳ್ತೆ ತಗಂಡು ನಾನೇ ಹೊಲ್ಕೊಡ್ತೀನಿ.”

“ಹಂಗಾದ್ರೆ ಬಟ್ಟೆ ಕೊಡು. ಊರಾಗೆ ನೀನೊಬ್ಳೇನಾ ಟೈಲರು?”

“ಬಟ್ಟೆ ಕೊಡಲ್ಲ,” ಎಂದಳು ಸವಿತಾ.

ತಾಯಿ ಬೈಯುತ್ತಲೇ ಮಗಳನ್ನು ಎಳೆದುಕೊಂಡು ಹೋದರು. ಮಕ್ಕಳ ಸಹಾಯವಾಣಿಗೆ ಕೂಡಲೇ ತಿಳಿಸಿದ್ದೇನೆ. ನಾಳೆ ಬೆಳಿಗ್ಗೆ ಅಧಿಕಾರಿಗಳೊಂದಿಗೆ ಅವರ ಮನೆಗೆ ಹೋಗಲಿದ್ದೇವೆ. ಆ ಹುಡುಗಿ ಹತ್ತನೇ ತರಗತಿಗೆ ಹೋಗಿಯೇ ಹೋಗುತ್ತಾಳೆ ಎಂಬ ನಂಬಿಕೆ ನನಗಿದೆ.

ಗಿರಾಕಿಯ ಬಟ್ಟೆಯನ್ನು ಯಾವ ಕಾರಣಕ್ಕೂ ತಡೆಹಿಡಿಯಬಾರದೆಂಬುದು ನಮ್ಮ ಕೇಂದ್ರದ ನಿಯಮ. ಆ ನಿಯಮ ಮಾಡಿದವಳು ನಾನು. ಇಂದು ಆ ರೇಷ್ಮೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದವಳೂ ನಾನೇ.